ಪದಚರ್ಚೆ: ಇಂಪೀರಿಯಲ್ ಸ್ಟೌಟ್ ರುಚಿ ಹೇಳಲು ‘ಸ್ಟ್ರಾಂಗ್’ ಒಂದೇ ಸಾಕೇ?

ಗೆಳೆಯರೇ,

ಇಂಪೀರಿಯಲ್ ಸ್ಟೌಟ್ ಬಿಯರಿನ ರುಚಿ ನೋಡುವ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಡುಗಪ್ಪು ಬಣ್ಣ, ಕಂದು ನೊರೆ ಎಂದು ಬರೆಯುವುದು ಸಲೀಸು. ರುಚಿಗೆ ಬಂದಾಗಲೇ ತೊಡಕು. ಎಲ್ಲದಕ್ಕೂ ನಾವು ‘ಸ್ಟ್ರಾಂಗ್’ ಅಂದುಬಿಡುತ್ತೇವೆ. ಆಲ್ಕೋಹಾಲ್ ಜಾಸ್ತಿ ಇದ್ದರೂ ಸ್ಟ್ರಾಂಗ್, ಕಹಿ ಇದ್ದರೂ ಸ್ಟ್ರಾಂಗ್, ದಪ್ಪಗಿದ್ದರೂ ಸ್ಟ್ರಾಂಗ್. ಇವು ಮೂರೂ ಬೇರೆ ಬೇರೆ ಅಲ್ವಾ?

‘ಸ್ಟ್ರಾಂಗ್’ ಎಂಬ ಅರ್ಥ ಈ ಬಿಯರಿನ ಹೆಸರಿನಲ್ಲೇ ಎರಡು ಸಲ ಬಂದಿದೆ. ‘ಸ್ಟೌಟ್’ ಅಂದರೆ ಮೊದಲು ಬರೀ ಕಡಕ್ ಬಿಯರ್, ಬಣ್ಣ ಯಾವುದಾದರೂ ಸರಿ. 18ನೇ ಶತಮಾನದಲ್ಲಿ ಲಂಡನ್ನಿನ ಸೌತ್‌ವರ್ಕ್‌ನಲ್ಲಿದ್ದ ಥ್ರೇಲ್ ಅವರ ಬಿಯರ್ ಕಾರ್ಖಾನೆ ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನಳ ಆಸ್ಥಾನಕ್ಕೆ ಪೋರ್ಟರ್ ಎಂಬ ಕಪ್ಪು ಬಿಯರಿನ ಕಡಕ್ ಬಗೆಯನ್ನು ಕಳಿಸುತ್ತಿತ್ತು. 1781ರಲ್ಲಿ ಅದು ಬಾರ್‌ಕ್ಲೇ ಪರ್ಕಿನ್ಸ್ ಕಂಪನಿಯ ಕೈಗೆ ಹೋದ ಮೇಲೂ ಆ ವ್ಯಾಪಾರ ನಡೆಯಿತು. ‘ಇಂಪೀರಿಯಲ್’, ಅಂದರೆ ಸಾಮ್ರಾಜ್ಯದ್ದು, ಎಂಬ ಪದ ಬಂದದ್ದು ಅಲ್ಲಿಂದ. ಈಗ ಯಾವ ಬಗೆಯ ಬಿಯರಿಗೆ ಆ ಪದ ಸೇರಿಸಿದರೂ ‘ಇನ್ನೂ ಕಡಕ್’ ಎಂದೇ ಅರ್ಥ. ಈ ಸ್ಟೌಟಿನಲ್ಲಿ ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 8ರಿಂದ 12. ಹಾಗಾಗಿ ‘ಸ್ಟ್ರಾಂಗ್ ಆಗಿದೆ’ ಎಂದು ಬರೆದರೆ ಓದುಗರಿಗೆ ಹೊಸದೇನೂ ಸಿಗುವುದಿಲ್ಲ.

ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಕಹಿ ಮತ್ತು ಒಗರಿನ ವ್ಯತ್ಯಾಸ. ಕಹಿ ಮುಖ್ಯವಾಗಿ ಹಾಪ್ಸ್ ಹೂವಿನಿಂದ ಬರುತ್ತದೆ. ಕಪ್ಪಗೆ ಹುರಿದ ಬಾರ್ಲಿ ಕಹಿಯ ಜತೆ ಒಗರನ್ನೂ ತರುತ್ತದೆ. ಕಹಿ ನಾಲಿಗೆಗೆ ಗೊತ್ತಾಗುವ ರುಚಿ. ಒಗರು ಹಾಗಲ್ಲ, ಬಲಿಯದ ಹಣ್ಣು ಕಚ್ಚಿದ ಹಾಗೆ ಬಾಯಿಯನ್ನೇ ಹಿಡಿಯುತ್ತದೆ. ಕುಡಿಯುವವರು ಎರಡನ್ನೂ ‘ಬಿಟರ್’ ಅನ್ನುತ್ತಾರೆ. ನಮ್ಮಲ್ಲಿ ಇಷ್ಟು ಚೆಂದದ ಎರಡು ಪದ ಇರುವಾಗ ಅದನ್ನು ಬಿಡಬಾರದು. ಹಾಗೆಯೇ ‘ಹುರಿದ’ ಮತ್ತು ‘ಸೀದ’. 1817ರಲ್ಲಿ ಡೇನಿಯಲ್ ವೀಲರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಹುರಿಯಲು ತಿರುಗುವ ಪೀಪಾಯಿಗೆ ಪೇಟೆಂಟ್ ಪಡೆದ. ಕಾಳು ಬೆಂಕಿ ಹತ್ತದೆ ಕಪ್ಪಾಗಲು ಅದರಿಂದ ದಾರಿಯಾಯಿತು. ಒಳ್ಳೆಯ ಸ್ಟೌಟಿನಲ್ಲಿ ಕಾಫಿ, ಕಪ್ಪು ಚಾಕೊಲೇಟಿನ ಹುರಿದ ಘಮ ಇರುತ್ತದೆ. ಬೂದಿಯ ವಾಸನೆ ಮುಂದೆ ಬಂದರೆ ಅದನ್ನು ‘ಸೀದದ್ದು’ ಅಂತಲೇ ಬರೆಯಬೇಕು. ಒಂದು ಹೊಗಳಿಕೆ, ಇನ್ನೊಂದು ದೂರು.

ದ್ರವದ ದಪ್ಪಕ್ಕೆ ‘ಮಂದ’ ಎಂದು ಬರೆದಿದ್ದೇನೆ. ಹುದುಗಿದ ಮೇಲೂ ಉಳಿಯುವ ಸಕ್ಕರೆಯಂಥ ಅಂಶಗಳಿಂದ ಈ ಗುಣ ಬರುತ್ತದೆ. ಕೆಲವರು ಓಟ್ಸ್ ಹಾಕಿ ಅದನ್ನು ಹೆಚ್ಚಿಸುತ್ತಾರೆ. ಬಾಯಿ ಕಿರಿದಾದ ಗ್ಲಾಸಿಗೆ ಸ್ವಲ್ಪ ಹಾಕಿ ಮೆಲ್ಲಗೆ ತಿರುಗಿಸಿ, ಗ್ಲಾಸಿನ ಒಳಬದಿಯಲ್ಲಿ ಅದು ನಿಧಾನವಾಗಿ ಇಳಿಯುವುದನ್ನು ನೋಡಿ. ನಾಲಿಗೆಯ ಮೇಲೂ ಅದು ನೀರಿನಂತೆ ಓಡುವುದಿಲ್ಲ, ಹರಡಿಕೊಂಡು ನಿಧಾನವಾಗಿ ಇಳಿಯುತ್ತದೆ. ಇದಕ್ಕೆ ‘ಮೈ’ ಅನ್ನೋಣ ಎಂದು ಒಬ್ಬ ಗೆಳೆಯರು ಹೇಳಿದರು. ‘ಮೈ ತುಂಬಿದ ಬಿಯರ್’ ನನ್ನ ಕಿವಿಗೆ ಹಿಡಿಸಲಿಲ್ಲ. ‘ಮಂದ’ ಅಂದರೆ ಮಂಕು ಎಂಬ ಅರ್ಥವೂ ಇದೆಯಲ್ಲ ಎನ್ನಬಹುದು. ‘ಬಿಯರ್ ಮಂದವಾಗಿದೆ’ ಎಂದಾಗ ಯಾರಿಗೂ ಗೊಂದಲ ಆಗಲಾರದು ಎಂಬುದು ನನ್ನ ನಂಬಿಕೆ.

ಆಲ್ಕೋಹಾಲಿಗೆ ಮೂರು ಪದ ಬೇಕು. ಮೂಗಿಗೆ ಹೊಡೆಯುವುದು ‘ಘಾಟು’. ಗಂಟಲಲ್ಲಿ ಇಳಿಯುವಾಗ ಹಿತವಾಗಿದ್ದರೆ ‘ಬಿಸುಪು’, ಸುಟ್ಟಂತಾದರೆ ‘ಉರಿ’. ಬಿಸುಪು ಈ ಬಿಯರಿನ ಗುಣ, ಉರಿ ದೋಷ. ಫ್ರಿಜ್ಜಿನಿಂದ ತೆಗೆದ ತಕ್ಷಣ ಕುಡಿದರೆ ಇದ್ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ಥಂಡಿಗೆ ಘಮ ಅಡಗುತ್ತದೆ, ಸಿಹಿ ಹಿಂದೆ ಸರಿಯುತ್ತದೆ, ಕಹಿ ಎದ್ದು ಕಾಣುತ್ತದೆ. 10ರಿಂದ 13 ಡಿಗ್ರಿ ಸೆಲ್ಸಿಯಸ್‌ಗೆ ಬರಲಿ, ಸಣ್ಣ ಗುಟುಕು ಕುಡಿಯಿರಿ. ಒಣದ್ರಾಕ್ಷಿ, ಕಾಕಂಬಿಯ ರುಚಿ ಆಗ ಒಂದೊಂದಾಗಿ ಹೊರಬರುತ್ತದೆ.

ವರ್ಷಗಟ್ಟಲೆ ಇಟ್ಟ ಬಾಟಲಿಗೆ ‘ಹಳೆಯದು’ ಎಂದರೆ ಸಾಲದು. ಗಾಳಿಯ ಸೋಂಕಿನಿಂದ ಶೆರ್ರಿ ವೈನಿನಂಥ, ಒಣಹಣ್ಣಿನಂಥ ರುಚಿ ಬಂದಿದ್ದರೆ ‘ಮಾಗಿದೆ’. ಅದೇ ಗಾಳಿಯಿಂದ ಒದ್ದೆ ರಟ್ಟಿನ ವಾಸನೆ ಬಂದಿದ್ದರೆ ‘ಹಳಸಿದೆ’. ಈ ಎರಡಕ್ಕೆ ನನ್ನಲ್ಲಿ ಅನುಮಾನವೇ ಇಲ್ಲ.

ಈಗ ನನ್ನ ಪ್ರಶ್ನೆ. ನುಂಗಿದ ಮೇಲೂ ಬಾಯಲ್ಲಿ ಉಳಿಯುವ ರುಚಿಗೆ ಏನನ್ನೋಣ? ಒಳ್ಳೆಯ ಇಂಪೀರಿಯಲ್ ಸ್ಟೌಟಿನಲ್ಲಿ ಅದು ಬಹಳ ಹೊತ್ತು ಇರುತ್ತದೆ. ಮೊದಲು ಚಾಕೊಲೇಟ್, ಆಮೇಲೆ ಕಹಿ, ಕೊನೆಗೆ ಬಿಸುಪು. ‘ಹಿಂರುಚಿ’ ಉಚ್ಚರಿಸಲು ತೊಡಕು. ‘ಕೊನೆರುಚಿ’ ಅಂದರೆ ಕೊನೆಯ ಗುಟುಕಿನ ರುಚಿ ಎಂದೂ ಆಗಬಹುದು. ‘ಉಳಿರುಚಿ’ ಹೇಗೆ? ನಿಮ್ಮ ಕಡೆ ಮಾತಿನಲ್ಲಿ ಇದಕ್ಕೆ ಬೇರೆ ಪದ ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಜತೆ ತಿಳಿಸಿ.