ಸ್ಟ್ರೆಚ್ ವೆಲ್ವೆಟ್ ಮೇಲೆ ಹೊಲಿಗೆ ತಪ್ಪುತ್ತಿದೆ: ಬಾವಲಿ ವೇಷಕ್ಕೆ ಉಳಿದಿರುವುದು ಒಂಬತ್ತೇ ದಿನ

ಮಿನೆಸೋಟದ ಅಮ್ಮ:
ಇಲ್ಲಿ ಅಮೆರಿಕದಲ್ಲಿ ಮಕ್ಕಳು ವೇಷ ತೊಟ್ಟು ಮನೆಮನೆ ಸುತ್ತುವ ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಏಳು ವರ್ಷದ ಮಗಳು ಬಾವಲಿಯಾಗಬೇಕಂತೆ. ಅಂಗಡಿಯ ವೇಷಗಳು ಇಲ್ಲಿನ ಚಳಿಗೆ ತೀರ ತೆಳು. ಅದಕ್ಕೇ ಕಪ್ಪು ಸ್ಟ್ರೆಚ್ ವೆಲ್ವೆಟ್ ತಂದು ನಾನೇ ಹೊಲಿಯಲು ಕುಳಿತೆ. ನಾಲ್ಕು ಹೊಲಿಗೆ ಬಿದ್ದರೆ ಐದನೆಯದು ಬೀಳುವುದೇ ಇಲ್ಲ. ಸಾಲದ್ದಕ್ಕೆ, ಅಂಚಿಗೆ ಅಂಚು ಕೂಡಿಸಿ ಶುರು ಮಾಡಿದರೂ ಕೊನೆ ಮುಟ್ಟುವಷ್ಟರಲ್ಲಿ ಮೇಲಿನ ಪದರ ಎರಡು ಸೆಂಟಿಮೀಟರ್ ಜಾರಿರುತ್ತದೆ. ದಾರದ ಬಿಗಿತ ಬದಲಿಸಿದೆ, ಯಂತ್ರಕ್ಕೆ ಎಣ್ಣೆ ಬಿಟ್ಟೆ. ಕಾಟನ್ ಕೊಟ್ಟರೆ ಇದೇ ಯಂತ್ರ ಚೆನ್ನಾಗಿ ಹೊಲಿಯುತ್ತದೆ!

ಹಳೆಯ ಟೈಲರ್:
ಹಾಗಿದ್ದರೆ ಯಂತ್ರದ್ದೇನೂ ತಪ್ಪಿಲ್ಲ. ಬಿಗಿತವನ್ನು ಮೊದಲಿದ್ದಲ್ಲಿಗೇ ತಿರುಗಿಸಿ. ಸೂಜಿ ಯಾವುದು?

ಮಿನೆಸೋಟದ ಅಮ್ಮ:
ಯಂತ್ರದ ಜೊತೆ ಬಂದದ್ದೇ. ಸಾಮಾನ್ಯ ಬಟ್ಟೆಗೆ ಬಳಸುವ ಯೂನಿವರ್ಸಲ್, ಅಳತೆ 80/12.

ಹಳೆಯ ಟೈಲರ್:
ಸಿಕ್ಕಿತು ಕಳ್ಳ. ಸೂಜಿ ಮೇಲೇಳುವಾಗ ಅದರ ಹಿಂದೆ ದಾರದ ಕುಣಿಕೆ ಮೂಡಬೇಕು. ಕೆಳದಾರ ಸುತ್ತಿದ ಬಾಬಿನ್ ಬಳಿಯ ಕೊಕ್ಕೆ ಅದನ್ನು ಹಿಡಿಯಬೇಕು. ಹಿಗ್ಗುವ ಬಟ್ಟೆ ಸೂಜಿಯ ಜೊತೆಗೇ ಮೇಲೆ ಕೆಳಗೆ ಕುಣಿಯುತ್ತದೆ, ಕುಣಿಕೆ ಮೂಡುವುದಿಲ್ಲ, ಕೊಕ್ಕೆ ಬರಿಗೈಯಲ್ಲಿ ಮರಳುತ್ತದೆ. ಪೊಟ್ಟಣದ ಮೇಲೆ ‘ಸ್ಟ್ರೆಚ್’ ಎಂದೇ ಬರೆದಿರುವ 75/11 ಸೂಜಿ ತನ್ನಿ. ಬಟ್ಟೆ ದಪ್ಪವಿದ್ದರೆ 90/14. ದಾರ ಪಾಲಿಯೆಸ್ಟರ್ ಇರಲಿ. ನೇರ ಹೊಲಿಗೆ ಬೇಡ, ಮಗು ರೆಕ್ಕೆ ಬಡಿದ ಕೂಡಲೇ ಪಟಪಟನೆ ಬಿಚ್ಚಿಕೊಳ್ಳುತ್ತದೆ. ಸಣ್ಣ ಜಿಗ್‌ಜಾಗ್ ಹಾಕಿ: ಅಗಲ 0.5, ಉದ್ದ 2.5 ಮಿಲಿಮೀಟರ್. ಮೊದಲು ಚೂರು ಬಟ್ಟೆಯ ಮೇಲೆ ಹೊಲಿದು, ಎಳೆದು ನೋಡಿ.

ಜಾರುವುದಕ್ಕೆ ಕಾರಣ ಒಳಗೆ ಎದುರುಬದುರಾಗಿ ಕೂತ ವೆಲ್ವೆಟ್ಟಿನ ನವಿರು, ಅಂದರೆ ಅದರ ಮೈಮೇಲಿನ ಮೃದು ಎಳೆಗಳು. ಗುಂಡುಸೂಜಿಯನ್ನು ನಂಬಬೇಡಿ. ಕೈಯಿಂದ ಕಚ್ಚಾ ಹೊಲಿಗೆ ಹಾಕಿಕೊಂಡೇ ಯಂತ್ರಕ್ಕೆ ಕೊಡಿ. ಬೇಸರದ ಕೆಲಸ, ಒಪ್ಪುತ್ತೇನೆ. ನಲವತ್ತು ವರ್ಷ ಬ್ಲೌಸ್ ಹೊಲಿದ ನನಗೂ ಇದರಿಂದ ತಪ್ಪಿಸಿಕೊಳ್ಳುವ ದಾರಿ ಸಿಕ್ಕಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಪ್ರೆಸರ್ ಫುಟ್‌ನ ಒತ್ತಡ ತಗ್ಗಿಸುವ ತಿರುಪು ಇದ್ದರೆ ತುಸು ಸಡಿಲಿಸಿ. ಮೇಲಿನಿಂದ ಇಸ್ತ್ರಿ ಮಾತ್ರ ಒತ್ತಬೇಡಿ, ನವಿರು ಮಲಗಿಬಿಡುತ್ತದೆ.

ಬಟನ್‌ಡಬ್ಬಿ:
ಅಕ್ಕಾ, ಅಳತೆ ತೆಗೆದದ್ದು ಅಂಗಿಯ ಮೇಲೋ, ಜಾಕೆಟ್ಟಿನ ಮೇಲೋ? ಹೋದ ವರ್ಷ ನಮ್ಮ ಹುಲಿಯ ಪಟ್ಟೆಗಳೆಲ್ಲ ಜಾಕೆಟ್ಟಿನ ಅಡಿಯಲ್ಲೇ ಉಳಿದವು.

ಮಿನೆಸೋಟದ ಅಮ್ಮ:
ಅಯ್ಯೋ, ಅಂಗಿಯ ಮೇಲೆ! ಎರಡೂ ಬದಿಗೆ ಪಟ್ಟಿ ಕೊಡುತ್ತೇನೆ.

(ಮೂರು ದಿನಗಳ ನಂತರ) ಸೂಜಿ ಬದಲಿಸಿದೆ, ಒಂದೂ ಹೊಲಿಗೆ ತಪ್ಪಲಿಲ್ಲ. ಕಚ್ಚಾ ಹೊಲಿಗೆಗೆ ಎರಡು ಸಂಜೆ ಹಿಡಿಯಿತು. ಈಗ ಹೊಸ ತಲೆನೋವು: ಎಡ ರೆಕ್ಕೆ ಕಪ್ಪು, ಬಲ ರೆಕ್ಕೆ ಬೂದು. ಬಟ್ಟೆ ಒಂದೇ!

ಹಳೆಯ ಟೈಲರ್:
ಒಂದನ್ನು ತಲೆಕೆಳಗಾಗಿ ಕತ್ತರಿಸಿದ್ದೀರಿ. ನವಿರಿನ ದಿಕ್ಕು ಬದಲಾದರೆ ಬಣ್ಣವೂ ಬೇರೆಯಾಗಿ ಕಾಣುತ್ತದೆ. ಬಟ್ಟೆ ಮಿಕ್ಕಿದೆಯೇ?

ಮಿನೆಸೋಟದ ಅಮ್ಮ:
ಬದಿಯ ಪಟ್ಟಿಗೇ ಮುಗಿಯಿತು.

ಹಳೆಯ ಟೈಲರ್:
ಹಾಗಾದರೆ ಬಿಡಿ. ಮನೆಮನೆ ಸುತ್ತುವುದು ಕತ್ತಲಲ್ಲಿ ತಾನೇ?