ಗೇರ್ ಲಿವರ್ ಪದೇ ಪದೇ ಲೂಸ್ ಆಗುತ್ತಿದೆ, ಸ್ವಲ್ಪ ಮೇಲಕ್ಕೂ ಎತ್ತಬೇಕು. ಏನು ಮಾಡಲಿ?

ಸೇಫ್ಟಿಶೂ:
ಪೀಣ್ಯದ ಫ್ಯಾಕ್ಟರಿಯಲ್ಲಿ ಕೆಲಸ. ಸೇಫ್ಟಿ ಶೂ ಹಾಕಿಕೊಂಡೇ ಬೈಕ್ ಓಡಿಸಬೇಕು. ಶೂ ಮೂತಿ ದಪ್ಪ, ಗೇರ್ ಲಿವರ್ ಕೆಳಗೆ ತೂರುವುದೇ ಇಲ್ಲ. ಹಳೇ 150 ಸಿಸಿ ಗಾಡಿ, ಹಿಮ್ಮಡಿಯಲ್ಲೂ ತುಳಿಯಬಹುದಾದ ಲಿವರ್. ಅದು ಸಾಲದು ಅಂತ ಲಿವರ್ ಬೇರೆ ಅಲ್ಲಾಡುತ್ತದೆ. ಟೈಟ್ ಮಾಡಿಸಿದರೆ ಸ್ವಲ್ಪ ದಿನ ಸರಿ, ಆಮೇಲೆ ಮತ್ತೆ ಅದೇ ಕಥೆ. ಮೆಕ್ಯಾನಿಕ್ ಈಗ ಸುಮ್ನೆ ವೆಲ್ಡ್ ಹೊಡೆಸಿಬಿಡಿ ಅನ್ನುತ್ತಿದ್ದಾರೆ. ಹೊಡೆಸಲಾ?

ಸ್ಪ್ಯಾನರ್‌ಕೈ:
ವೆಲ್ಡಿಂಗ್ ಮಾತ್ರ ಬೇಡ ಗುರು. ಲಿವರ್ ಕೂರುವ ಶಾಫ್ಟ್ ಇಂಜಿನ್ನಿನಿಂದ ಹೊರಗೆ ಬರುವ ಜಾಗದಲ್ಲೇ ರಬ್ಬರ್ ಆಯಿಲ್ ಸೀಲ್ ಇರುತ್ತದೆ, ಬಿಸಿಗೆ ಅದು ಹೋದರೆ ಆಯಿಲ್ ಸೋರಲು ಶುರು. ಮುಂದೆ ಚೈನ್ ಸ್ಪ್ರಾಕೆಟ್ ಬದಲಿಸಬೇಕಾದಾಗ ಕವರ್ ಬಿಚ್ಚಲು ಲಿವರ್ ಕತ್ತರಿಸಬೇಕಾಗುತ್ತದೆ.

ಮೊದಲು ಇದನ್ನು ನೋಡಿ. ಲಿವರ್ ಶಾಫ್ಟ್ ಹಿಡಿಯುವ ಕಡೆ ಒಂದು ಸೀಳು ಇರುತ್ತದೆ, ಬೋಲ್ಟ್ ಬಿಗಿದಾಗ ಆ ಸೀಳು ಕಿರಿದಾಗಿ ಲಿವರ್ ಶಾಫ್ಟನ್ನು ಕಚ್ಚಿ ಹಿಡಿಯುತ್ತದೆ. ಪೂರ್ತಿ ಬಿಗಿದ ಮೇಲೂ ಸೀಳಿನಲ್ಲಿ ಸ್ವಲ್ಪ ಸಂದು ಉಳಿದಿರಬೇಕು. ಸೀಳಿನ ಎರಡೂ ತುಟಿ ಕೂಡಿಕೊಂಡಿದ್ದರೆ ಲಿವರ್ ತೂತಿನ ಒಳಗಿನ ಹಲ್ಲು (ಶಾಫ್ಟಿನ ಹಲ್ಲಿಗೆ ಕಚ್ಚಿಕೊಳ್ಳುವ ಸಣ್ಣ ಏಣುಗಳು) ಸವೆದಿದೆ ಅಂತ ಅರ್ಥ, ಇನ್ನೆಷ್ಟು ತಿರುಗಿಸಿದರೂ ಬೋಲ್ಟ್ ಮುರಿಯುತ್ತದೆಯೇ ಹೊರತು ಲಿವರ್ ನಿಲ್ಲುವುದಿಲ್ಲ. ಶಾಫ್ಟಿನ ಹಲ್ಲು ಚೆನ್ನಾಗಿದ್ದರೆ ಹೊಸ ಲಿವರ್ ಹಾಕಿದರೆ ಮುಗೀತು. ಲೂಸ್ ಇದ್ದ ಹಾಗೇ ಓಡಿಸುತ್ತಾ ಹೋದರೆ ಶಾಫ್ಟಿನ ಹಲ್ಲೂ ತಿಂದುಹೋಗುತ್ತದೆ, ಆಗ ಕೆಲಸ ಇಂಜಿನ್ ಬಿಚ್ಚುವವರೆಗೂ ಹೋಗುತ್ತದೆ.

ಮಧ್ಯರಾತ್ರಿ_ಗ್ಯಾರೇಜ್:
ಎತ್ತರ ಬದಲಿಸುವುದು ನೀವೇ ಮಾಡಬಹುದು ಸರ್. ಸಾಮಾನ್ಯವಾಗಿ 10ನೇ ನಂಬರ್ ಸ್ಪ್ಯಾನರ್ ಸಾಕು. ಬೋಲ್ಟ್ ಸಡಿಲ ಮಾಡಿದರೆ ಆಗುವುದಿಲ್ಲ, ಪೂರ್ತಿ ಹೊರಗೆ ತೆಗೆಯಬೇಕು. ಶಾಫ್ಟಿನಲ್ಲಿ ಒಂದು ತೋಡು (ಗ್ರೂವ್) ಕೊರೆದಿರುತ್ತದೆ, ಬೋಲ್ಟ್ ಅದರೊಳಗೆ ಕೂತಿರುತ್ತದೆ, ಅದಕ್ಕೇ ಎಷ್ಟು ಎಳೆದರೂ ಲಿವರ್ ಬರುವುದಿಲ್ಲ. ಸುತ್ತಿಗೆ ತಗೋಬೇಡಿ! ಈಗ ಎಲ್ಲಿದೆ ಅಂತ ಮಾರ್ಕರಿನಲ್ಲಿ ಗೆರೆ ಹಾಕಿ, ಹಲ್ಲನ್ನು ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಒಂದೇ ಹಲ್ಲು ಮೇಲಕ್ಕೆ ತಿರುಗಿಸಿ ಕೂರಿಸಿ.

ಆದರೆ ನಿಮ್ಮದರಲ್ಲಿ ಮುಂದಿನ ತುದಿ ಎದ್ದಷ್ಟೂ ಹಿಂದಿನದು ಇಳಿಯುತ್ತದೆ. ಹಿಮ್ಮಡಿ ಭಾಗ ಫುಟ್‌ರೆಸ್ಟಿಗೋ ಇಂಜಿನ್ ಕವರಿಗೋ ತಾಗಿದರೆ ಗೇರ್ ಅರ್ಧಕ್ಕೇ ನಿಲ್ಲುತ್ತದೆ, ಟ್ರಾಫಿಕ್ಕಿನಲ್ಲಿ ಯಾವ ಗೇರೂ ಕೂರದೆ ಸುಳ್ಳು ನ್ಯೂಟ್ರಲ್ ಬಿದ್ದು ಗಾಡಿ ಬರೀ ಕೂಗುತ್ತದೆ. ಇಂಜಿನ್ ಆಫ್ ಮಾಡಿ, ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಕೈಯಲ್ಲಿ ತಿರುಗಿಸುತ್ತಾ ಎಲ್ಲಾ ಗೇರ್ ಮೇಲೆ ಕೆಳಗೆ ಹಾಕಿ ನೋಡಿ. ಆಮೇಲೆ ಹೊಸ ಬೋಲ್ಟ್, ಸ್ಪ್ರಿಂಗ್ ವಾಷರ್, ನೀಲಿ ಥ್ರೆಡ್ ಲಾಕ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ. 6 ಎಂಎಂ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿತ ಸಾಕು, ಉದ್ದ ಪೈಪ್ ಸಿಕ್ಕಿಸಿ ಜಗ್ಗಬೇಡಿ.

ಹಳೇಜಾವಾ:
ನಮ್ಮ ಮೈಸೂರಿನ ಜಾವಾದಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ, ಅದರ ಮುಂದೆ ನಿಮ್ಮದೆಲ್ಲ ಸುಲಭ ಬಿಡಿ! ಒಂದು ಮಾತು ಸೇರಿಸುತ್ತೇನೆ. ಲಿವರಿಗೂ ಶಾಫ್ಟಿಗೂ ನಡುವೆ ಸಣ್ಣ ರಾಡ್ ಇರುವ ಬೈಕ್ ಆದರೆ ಹಲ್ಲು ಮುಟ್ಟುವುದೇ ಬೇಡ. ರಾಡಿನ ಎರಡೂ ತುದಿಯ ಲಾಕ್ ನಟ್ ಸಡಿಲಿಸಿ ರಾಡ್ ತಿರುಗಿಸಿದರೆ ಎತ್ತರ ಬದಲಾಗುತ್ತದೆ. ಸಾಮಾನ್ಯವಾಗಿ ಒಂದು ನಟ್ ಉಲ್ಟಾ ಥ್ರೆಡ್ ಇರುತ್ತದೆ, ಬರುತ್ತಿಲ್ಲ ಅಂತ ಬಲವಂತ ಮಾಡಬೇಡಿ.

ಸೇಫ್ಟಿಶೂ:
ನೋಡಿದೆ. ಸೀಳು ಪೂರ್ತಿ ಮುಚ್ಚಿಕೊಂಡಿದೆ, ಶಾಫ್ಟಿನ ಹಲ್ಲು ಮಾತ್ರ ಚೂಪಾಗಿಯೇ ಇದೆ. ಹೊಸ ಲಿವರ್ ತರುತ್ತೇನೆ. ಹಿಮ್ಮಡಿ ಭಾಗ ಇಲ್ಲದ್ದನ್ನು ಹಾಕಬಹುದಾ?

ಸ್ಪ್ಯಾನರ್‌ಕೈ:
ಧಾರಾಳವಾಗಿ. ನಿಮ್ಮ ಶೂಗೆ ಅದೇ ವಾಸಿ, ಗೇರ್ ಎತ್ತುವಾಗ ಶೂ ಮೂತಿ ಸವೆಯುತ್ತದೆ ಅಷ್ಟೇ. ಹಳೇ ಲಿವರ್ ಅಂಗಡಿಗೆ ತಗೊಂಡು ಹೋಗಿ, ಹೊರಗಿಂದ ಎಲ್ಲಾ ಒಂದೇ ಥರ ಕಂಡರೂ ತೂತಿನ ಅಳತೆ ಬೇರೆ ಬೇರೆ ಇರುತ್ತದೆ.