ಸಮಸ್ಯೆ: ಸುರಿವ ಮೋಡವ ಕೊಂಬೆಗಂಟಿಸಿತೊಂದು ಮರಗಪ್ಪೆ

ಶಿವಮೊಗ್ಗ ಮೇಷ್ಟ್ರು: ಈ ವಾರದ ಸಮಸ್ಯೆ ಭಾಮಿನಿ ಷಟ್ಪದಿಯಲ್ಲಿದೆ. ಕೊನೆಯ ಸಾಲು ನನ್ನದು, ಉಳಿದ ಐದು ನಿಮ್ಮವು.

ಸುರಿವ ಮೋಡವ ಕೊಂಬೆಗಂಟಿಸಿತೊಂದು ಮರಗಪ್ಪೆ

ಹೋದ ಸಲದ ಹಾಗೆ ‘ವನಗಪ್ಪೆ’ ಅಂತ ಯಾರೂ ತರಬೇಡಿ. ಯಾರಿಗೆ ಹೇಳುತ್ತಿದ್ದೇನೆ ಅಂತ ಅವರಿಗೆ ಗೊತ್ತು.

ಹೊಸನಗರದ ತಮ್ಮ: ಗೊತ್ತಾಯ್ತು ಮೇಷ್ಟ್ರೇ. ಸಂಸ್ಕೃತದ ‘ವನ’ಕ್ಕೆ ಕನ್ನಡದ ‘ಕಪ್ಪೆ’ ಕೂಡಿಸಿದ ಒಂದು ಅರಿಸಮಾಸಕ್ಕೆ ಎಷ್ಟು ವಾರ ಶಿಕ್ಷೆ? ಇವತ್ತು ಮೊದಲ ಪೂರಣ ನನ್ನದೇ.

ಇರುಳು ಸುರಿಮಳೆ ಕೊಳದ ಮೇಗಡೆ
ಕಿರಿಯ ರೆಂಬೆಯ ತಬ್ಬಿ ಕುಳಿತಿರೆ
ಮರಳಿ ಮರಳಿಯು ಹಿಂದುಗಾಲಲಿ ನೊರೆಯ ಕಡೆಕಡೆದು
ಮರಿಗಳಿಳಿಯಲು ನೀರಿಗೆನ್ನುತ
ಬೆರಳ ಬಿಸುಪಲಿ ತತ್ತಿಯಿರಿಸುತ
ಸುರಿವ ಮೋಡವ ಕೊಂಬೆಗಂಟಿಸಿತೊಂದು ಮರಗಪ್ಪೆ

ಶಿವಮೊಗ್ಗ ಮೇಷ್ಟ್ರು: ನೊರೆಗೂಡನ್ನೇ ಮೋಡ ಮಾಡಿದ್ದೀಯ. ಗೊದಮೊಟ್ಟೆಗಳು ಅದರಿಂದ ನೀರಿಗೆ ಉದುರುವುದರಿಂದ ‘ಸುರಿವ’ಕ್ಕೂ ಅರ್ಥ ಬಂತು. ಒಪ್ಪಿದೆ.

ಆಗುಂಬೆ ಭಟ್ಟರು: ನಾನು ಒಪ್ಪುವುದಿಲ್ಲ. ‘ಬೆರಳ ಬಿಸುಪು’ ಎಲ್ಲಿಂದ ಬಂತು ತಮ್ಮಾ? ಕಪ್ಪೆಗೆ ಮೈಬಿಸಿ ಅನ್ನುವುದೇ ಇಲ್ಲ. ಸುತ್ತಲಿನ ಗಾಳಿ ಎಷ್ಟು ತಣ್ಣಗೋ ಅದೂ ಅಷ್ಟೇ ತಣ್ಣಗೆ. ಒಂದು ಸಲವಾದರೂ ಕೈಮೇಲೆ ಕೂರಿಸಿಕೊಂಡಿದ್ದೀಯಾ?

ಹೊಸನಗರದ ತಮ್ಮ: ಭಟ್ರೇ, ಇದು ಕವಿತೆ. ಬಿಸುಪು ಅಂದರೆ ತಾಯಿಯ ಅಕ್ಕರೆ. ಥರ್ಮಾಮೀಟರ್ ಇಟ್ಟು ಓದಬೇಡಿ.

ಆಗುಂಬೆ ಭಟ್ಟರು: ಅಕ್ಕರೆ ಅಂತಿದ್ದರೆ ಅಕ್ಕರೆ ಅಂತಲೇ ಬರೆ. ನೆನ್ನೆ ರಾತ್ರಿ ನಮ್ಮ ಬಚ್ಚಲುಮನೆಯ ಗೋಡೆಯಿಂದ ಒಂದು ನನ್ನ ಮಣಿಕಟ್ಟಿಗೆ ಹಾರಿತು. ಹೆಬ್ಬೆರಳ ತುದಿಯಷ್ಟಿತ್ತು. ನಾಲ್ಕು ಕಾಲಿನ ಬೆರಳ ತುದಿಗಳೂ ಪುಟ್ಟ ಬಿಲ್ಲೆಗಳ ಹಾಗೆ ಚಪ್ಪಟೆ. ಒಂದೊಂದೇ ಬಿಲ್ಲೆ ಚರ್ಮಕ್ಕೆ ಅಂಟುವುದು, ಬಿಡುವುದು ಬೇರೆ ಬೇರೆಯಾಗಿ ಗೊತ್ತಾಗುತ್ತಿತ್ತು. ತಂಬಿಗೆಯ ತಳ ಮುಟ್ಟಿದ ಹಾಗೆ ತಂಪು. ಅಂಥದ್ದನ್ನು ಬಿಸುಪು ಅಂದರೆ ನನ್ನ ಕೈ ಒಪ್ಪುವುದಿಲ್ಲ.

ಸಾಗರದಕ್ಕ: ತಮ್ಮಾ, ಭಟ್ರು ಸರಿ. ‘ಬೆರಳ ತಂಪಲಿ’ ಅಂತ ಮಾಡು. ಓಟ ಕೆಡುವುದಿಲ್ಲ, ಪದ್ಯಕ್ಕೆ ಬೆಲೆಯೂ ಜಾಸ್ತಿ ಆಗುತ್ತದೆ. ಎಲ್ಲ ತಾಯಂದಿರ ಕೈಯೂ ಬಿಸಿಯೇ ಆಗಿರಬೇಕಾ?

ಹೊಸನಗರದ ತಮ್ಮ: ‘ಬೆರಳ ತಂಪಲಿ ತತ್ತಿಯಿರಿಸುತ.’ ಹೂಂ. ಚೆನ್ನಾಗಿದೆ. ಬದಲಾಯಿಸಿದೆ. ಅಕ್ಕ ಹೇಳಿದ್ದಕ್ಕೆ, ಭಟ್ರು ಹೇಳಿದ್ದಕ್ಕಲ್ಲ.

ಆಗುಂಬೆ ಭಟ್ಟರು: ಯಾರು ಹೇಳಿದ್ದಕ್ಕಾದರೂ ಸರಿ. ಇನ್ನೊಂದು ಮಾತು. ನೊರೆ ಕಡೆಯುವುದು ದೊಡ್ಡ ಜಾತಿ, ಮಲಬಾರ್ ಹಾರುವ ಕಪ್ಪೆ. ಬೆನ್ನು ಹಸಿರು, ಬೆರಳ ನಡುವಿನ ತೊಗಲು ಕೆಂಪು ಕಿತ್ತಳೆ. ಆ ತೊಗಲನ್ನು ಹರಡಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ. ನಮ್ಮ ಕೆರೆಯ ಮೇಲಿನ ಕೊಂಬೆಗಳಲ್ಲಿ ಮಳೆಗಾಲ ಶುರುವಾದ ಮೇಲೆ ನೊರೆಗೂಡು ನೇತಾಡುತ್ತವೆ. ನನ್ನ ಮಣಿಕಟ್ಟಿಗೆ ಹಾರಿದ್ದು ಬೇರೆ ಜಾತಿ. ಅದು ನೊರೆ ಕಟ್ಟುವುದಿಲ್ಲ. ಅದಕ್ಕೆ ಗೊದಮೊಟ್ಟೆಯೇ ಇಲ್ಲ. ತತ್ತಿಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿಯೇ ಹೊರಗೆ ಬರುತ್ತದೆ. ಹಾಗಾಗಿ ಪುಟ್ಟದರ ಮೇಲೆ ಬರೆಯುವವರು ನೊರೆಯ ಸುದ್ದಿಗೆ ಹೋಗಬೇಡಿ.

ಶಿವಮೊಗ್ಗ ಮೇಷ್ಟ್ರು: ಆ ಪುಟ್ಟದಕ್ಕೆ ಹೆಸರೇನು ಭಟ್ರೇ?

ಆಗುಂಬೆ ಭಟ್ಟರು: ಅವುಗಳದ್ದು ದೊಡ್ಡ ಕುಲ. 2010ರಲ್ಲಿ ಆ ಕುಲಕ್ಕೆ ರಾವೋರ್ಕೆಸ್ಟಿಸ್ ಅಂತ ಹೆಸರಿಟ್ಟರು. ಅದರಲ್ಲಿರುವ ‘ರಾವ್’ ನಮ್ಮ ಸಿ. ಆರ್. ನಾರಾಯಣ ರಾವ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು, ಕಪ್ಪೆಗಳ ಮೇಲೆ ಕೆಲಸ ಮಾಡಿದವರು. ಉಳಿದ ಭಾಗ ಗ್ರೀಕ್. ಕುಣಿಯುವವನು ಅಂತ ಅರ್ಥ.

ಹೊಸನಗರದ ತಮ್ಮ: ರಾವ್ ಮತ್ತು ಗ್ರೀಕ್! ಮೇಷ್ಟ್ರೇ, ಇದು ಅರಿಸಮಾಸ ಅಲ್ವಾ? ಇದಕ್ಕೆ ಶಿಕ್ಷೆ ಇಲ್ವಾ?

ಶಿವಮೊಗ್ಗ ಮೇಷ್ಟ್ರು: ಬಿರುದಿಗೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ವಿನಾಯಿತಿ ಕೊಟ್ಟಿದ್ದಾನೆ. ನಿನ್ನ ವನಗಪ್ಪೆ ಬಿರುದಲ್ಲ. ಮುಂದಿನವರು ಬನ್ನಿ.

ಮಂಡಗದ್ದೆ ಮಾವ: ನನ್ನದೊಂದು. ಚಪ್ಪರದ ಪಕ್ಕದ ಹಲಸಿನ ಮರದಲ್ಲಿ ಸೀತೆದಂಡೆ ಆರ್ಕಿಡ್ ಹೂ ಬಿಟ್ಟಿದೆ. ಅದನ್ನು ನೋಡಿಕೊಂಡೇ ಬರೆದೆ.

ಅರಳಿ ತೂಗುವ ಸೀತೆದಂಡೆಯ
ಬೆರಳಗಲದೆಲೆಗಂಟಿ ಕುಳಿತಿದೆ
ಉರುಟು ಕಣ್ಣಿನ ಹೆಬ್ಬೆರಳ ತುದಿಯಷ್ಟೆ ಹಸಿರೊಂದು
ಕಿರಿಯ ಹೂಗಳ ಬೆಳ್ಳಿ ಗೊಂಚಲು
ಮರುಳು ಕಣ್ಣಿಗೆ ಮುಗಿಲದಾಯಿತು
ಸುರಿವ ಮೋಡವ ಕೊಂಬೆಗಂಟಿಸಿತೊಂದು ಮರಗಪ್ಪೆ

ಶಿವಮೊಗ್ಗ ಮೇಷ್ಟ್ರು: ಮೂರನೆಯ ಸಾಲು ಬಹಳ ಚೆಂದ.

ಸಾಗರದಕ್ಕ: ಹೌದು. ಈಗ ನನ್ನದು.

ಬಿರುಸು ಮಳೆಯಲಿ ಮರಕೆಸುವಿನೆಲೆ
ತೆರೆದ ಕೊಡೆಯಡಿ ಕುಳಿತು ಹಾಡಲು
ಕೊರಳ ಚೀಲವು ಬಿಳಿಯ ಮುಗಿಲಿನ ಹಾಗೆ ಮೇಲುಬ್ಬಿ
ಬರಲಿ ಮಳೆಯಿನ್ನೆಂದು ಕೂಗಿರೆ
ಕರೆಯ ಕೇಳಿದ ನನಗೆ ಕಂಡಿತು
ಸುರಿವ ಮೋಡವ ಕೊಂಬೆಗಂಟಿಸಿತೊಂದು ಮರಗಪ್ಪೆ

ಹೊಸನಗರದ ತಮ್ಮ: ಕೊರಳ ಚೀಲವೇ ಮೋಡ, ಹಾಡೇ ಮಳೆ. ಅಕ್ಕಾ, ಸೋತೆ.

ಶಿವಮೊಗ್ಗ ಮೇಷ್ಟ್ರು: ಕಲ್ಪನೆಗೆ ಪೂರ್ತಿ ಅಂಕ. ಆದರೆ ಮೊದಲ ಸಾಲಿನಲ್ಲಿ ‘ಮರಕೆಸು’, ಕೊನೆಯಲ್ಲಿ ‘ಮರಗಪ್ಪೆ’. ಒಂದೇ ಮರಕ್ಕೆ ಎರಡು ನ್ಯಾಯವೇ? ಕಪ್ಪೆಗೆ ಗಕಾರ ಬಂದ ಮೇಲೆ ಕೆಸುವಿಗೂ ಬರಬೇಕು. ಮರಗೆಸು.

ಸಾಗರದಕ್ಕ: ಮೇಷ್ಟ್ರೇ, ಮರದ ಮೇಲೆ ಬೆಳೆಯುವ ಆ ಕೆಸುವಿನೆಲೆಯಲ್ಲಿ ನಲವತ್ತು ಆಷಾಢ ಪತ್ರೊಡೆ ಮಾಡಿದ ಕೈ ಇದು. ನಮ್ಮ ಅಡುಗೆಮನೆಯಲ್ಲಿ ಅದು ಮರಕೆಸು.

ಶಿವಮೊಗ್ಗ ಮೇಷ್ಟ್ರು: ಅಡುಗೆಮನೆಯ ಮಾತು ಬೇರೆ, ಪದ್ಯದ ಮಾತು ಬೇರೆ. ಮಳೆಕಾಲ ಅಂತ ಯಾರಾದರೂ ಬರೆಯುತ್ತಾರೆಯೇ? ಮಳೆಗಾಲ. ಹಳಗನ್ನಡ, ಚಳಿಗಾಲ, ಬೆಟ್ಟದಾವರೆ. ಕಿವಿ ಕೇಳುವುದೇ ಹೀಗೆ.

ಸಾಗರದಕ್ಕ: ಹಾಗಾದರೆ ಮಕ್ಕಳು ಆಡುವುದು ಮರಗೋತಿ ಆಟವೇ? ಮರಕೋತಿ ಅಲ್ವಾ? ಮರಕುಟಿಗವನ್ನು ಮರಗುಟಿಗ ಮಾಡಿ ನೋಡೋಣ. ಹಕ್ಕಿ ಮರ ಬಿಟ್ಟು ಹಾರಿಹೋಗುತ್ತದೆ.

ಶಿವಮೊಗ್ಗ ಮೇಷ್ಟ್ರು: ಮರಕುಟಿಗದ ಕಥೆ ಬೇರೆ. ಅದರಲ್ಲಿ ಕುಟ್ಟುವ ಕ್ರಿಯೆ ಇದೆ. ಕೆಸು ಬರೀ ನಾಮಪದ.

ಸಾಗರದಕ್ಕ: ಕೋತಿ ಯಾವ ಕ್ರಿಯೆ ಮೇಷ್ಟ್ರೇ?

ಹೊಸನಗರದ ತಮ್ಮ: ಮೇಷ್ಟ್ರು ಟೈಪ್ ಮಾಡಿ ಅಳಿಸಿ ಮಾಡುತ್ತಿದ್ದಾರೆ. ಹತ್ತು ನಿಮಿಷ ಆಯ್ತು.

ಆಗುಂಬೆ ಭಟ್ಟರು: ನಮ್ಮ ಮನೆಯಲ್ಲಿ ಮರಗೆಸ ಅಂತಲೂ ಅನ್ನುತ್ತಾರೆ. ಅಮ್ಮ ಹಾಗೆ ಅನ್ನುತ್ತಿದ್ದರು, ಅತ್ತೆ ಮರಕೆಸು ಅನ್ನುತ್ತಿದ್ದರು. ಒಂದೇ ಒಲೆ, ಒಂದೇ ಪತ್ರೊಡೆ.

ಮಂಡಗದ್ದೆ ಮಾವ: ಪತ್ರೊಡೆಯ ಸುದ್ದಿ ಬಂತಲ್ಲ, ಅಕ್ಕಾ, ಮರಕೆಸುವಿಗೂ ಹುಳಿ ಹಾಕುತ್ತೀರಾ? ನಮ್ಮಲ್ಲಿ ಹುಣಸೆ ಬಿಡದೆ ಹಾಕುತ್ತೇವೆ, ಇಲ್ಲದಿದ್ದರೆ ಗಂಟಲು ಕೆರೆಯುತ್ತದೆ.

ಸಾಗರದಕ್ಕ: ಹಾಕದೆ ಹೇಗೆ? ಅಕ್ಕಿ ನೆನೆಹಾಕಿ, ಮೆಣಸು, ಹುಣಸೆ, ಬೆಲ್ಲ ಸೇರಿಸಿ ರುಬ್ಬಿ, ಎಲೆಯ ಹಿಂಬದಿಗೆ ಹಚ್ಚಿ ಸುತ್ತಿ ಬೇಯಿಸಬೇಕು. ನೆಲದ ಕೆಸುವಿಗಿಂತ ಮರದ್ದರ ಎಲೆ ತೆಳು, ದಂಟು ಸಪೂರ. ಮಳೆ ಬಿದ್ದಾಗ ಹಲಸಿನ ಕವಲಿನ ಪಾಚಿಯಿಂದ ಎದ್ದು ಬರುತ್ತದೆ, ಮಳೆ ಮುಗಿದರೆ ಗಡ್ಡೆಗೆ ಹೋಗಿ ಮಲಗುತ್ತದೆ. ಕಪ್ಪೆಯೂ ಅದೂ ಒಂದೇ ಮಳೆಗೆ ಎದ್ದವು. ಅದಕ್ಕೇ ಎರಡನ್ನೂ ಒಂದೇ ಪದ್ಯದಲ್ಲಿ ಕೂರಿಸಿದ್ದು.

ಹೊಸನಗರದ ತಮ್ಮ: ಜಗಳ ಬೇಡ. ‘ಬಿರುಸು ಮಳೆಯಲಿ ಬನದ ಕೆಸುವೆಲೆ’ ಅಂದರೆ ಇಬ್ಬರಿಗೂ ಆಗುತ್ತದೆ.

ಸಾಗರದಕ್ಕ: ಆಗುವುದಿಲ್ಲ ತಮ್ಮಾ. ಬನದ ಕೆಸು ನೆಲದಲ್ಲಿಯೂ ಇರುತ್ತದೆ. ನಾನು ನೋಡಿದ್ದು ಮರದ ಮೇಲೆ, ತಲೆಯೆತ್ತಿ. ಆ ಒಂದು ಪದ ತೆಗೆದರೆ ಕಪ್ಪೆ ಕೆಳಗೆ ಬೀಳುತ್ತದೆ.

ಶಿವಮೊಗ್ಗ ಮೇಷ್ಟ್ರು: ಕಾವ್ಯವನ್ನು ಹಾಡಿ ಓದುವ ಹೊಸಹಳ್ಳಿಯ ಗಮಕ ಕೇಳುತ್ತಾ ಬೆಳೆದವನು ನಾನು. ತುಂಗೆಯ ಆಚೆ ಮತ್ತೂರು, ಈಚೆ ಹೊಸಹಳ್ಳಿ. ಅಲ್ಲಿಯ ಗಮಕಿ ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಊರೆಲ್ಲ ಸಂಭ್ರಮಪಟ್ಟಿತ್ತು. ನಾನು ಪದ್ಯವನ್ನು ಕಣ್ಣಲ್ಲಿ ಓದುವುದಿಲ್ಲ, ಹಾಡಿ ಓದುತ್ತೇನೆ. ಈಗ ಅಕ್ಕನ ಪದ್ಯವನ್ನು ಎರಡೂ ರೀತಿ ಹಾಡಿ ನೋಡಿದೆ. ‘ಮಳೆಯಲಿ ಮರಗೆಸು’ ಮೆತ್ತಗೆ ಜಾರುತ್ತದೆ. ‘ಮಳೆಯಲಿ ಮರಕೆಸು’ ಅನ್ನುವಾಗ ಕಕಾರದಲ್ಲಿ ಹನಿ ಎಲೆಗೆ ಬಡಿದ ಸದ್ದಿದೆ. ಬಿರುಸು ಮಳೆಗೆ ಅದೇ ಸರಿ. ಕೋತಿಯ ಪ್ರಶ್ನೆಗೆ ಉತ್ತರ ಹುಡುಕುತ್ತೇನೆ. ಈ ಸಲಕ್ಕೆ ಮರಕೆಸು ಇರಲಿ.

ಹೊಸನಗರದ ತಮ್ಮ: ಈ ಸಲಕ್ಕೆ ಮಾತ್ರವಾ?

ಶಿವಮೊಗ್ಗ ಮೇಷ್ಟ್ರು: ನಿನ್ನ ವನಗಪ್ಪೆಗೆ ಯಾವ ಸಲಕ್ಕೂ ಇಲ್ಲ.

ಆಗುಂಬೆ ಭಟ್ಟರು: ಈಗಷ್ಟೇ ಟಾರ್ಚ್ ಹಿಡಿದು ಹೋಗಿ ಬಂದೆ. ಬಾವಿಕಟ್ಟೆಯ ಮೇಲಿನ ಕೊಂಬೆಯಲ್ಲಿ ಹೊಸ ನೊರೆಗೂಡಿದೆ. ಮುಷ್ಟಿಯಷ್ಟು, ಇನ್ನೂ ಬೆಳ್ಳಗೆ, ಒದ್ದೆ. ತಮ್ಮಾ, ನಿನ್ನ ಮೋಡ ನಮ್ಮ ಬಾವಿಗೆ ಬಂದಿದೆ.

ಹೊಸನಗರದ ತಮ್ಮ: ಭಟ್ರೇ, ಭಾನುವಾರ ಬರುತ್ತೇನೆ. ಸುರಿಯುವ ತನಕ ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ.

ಸಾಗರದಕ್ಕ: ಮುಂದಿನ ವಾರದ ಸಮಸ್ಯೆ ಕೊಡುವ ಸರದಿ ನನ್ನದು. ಮೇಷ್ಟ್ರೇ, ಮೊದಲ ಪೂರಣ ನಿಮ್ಮಿಂದಲೇ ಬರಬೇಕು. ಸಾಲಿನ ಮೊದಲ ಪದವನ್ನು ತಿದ್ದುವ ಹಾಗಿಲ್ಲ.

ಮರಕೆಸುವ ಕೊಯ್ವವಳ ಕೈಯಲಿ ಮರವು ಚಿಗುರಿತ್ತು